ಬೂಸಾ ಅನ್ನೋಕೆ ಮುಂಚೆ ಬಾಯಿಗಿಟ್ಟು ನೋಡು



ಮೊದಲು ನನ್ನ ತಪ್ಪೊಪ್ಪಿಗೆ. ಹೋದ ವರ್ಷ ನಮ್ಮ ಜಿಲ್ಲೆಯ ಒಂದು ಹಾಸ್ಟೆಲಿನಲ್ಲಿ ಅಂಬೇಡ್ಕರ್ ಜಯಂತಿ. ಮಾತಾಡೋಕೆ ನನ್ನನ್ನೂ ಕರೆದಿದ್ದರು. ನಾನು ಬಿ.ಎ. ಮುಗಿಸಿದವನು, ನಾಲ್ಕು ಪದ್ಯ ಅಚ್ಚಾದವನು, ಹೆಗಲಿಗೊಂದು ಬಟ್ಟೆ ಚೀಲ ಬೇರೆ. ಎದ್ದು ನಿಂತು ದೇವನೂರ ಮಹಾದೇವರ 'ಕುಸುಮಬಾಲೆ' ಬಗ್ಗೆ ಹತ್ತು ನಿಮಿಷ ಬಿಡದೆ ಹೊಡೆದೆ. ದೇಸಿ ಅಂದೆ, ಕಥನ ಅಂದೆ, ಪ್ರತಿರೋಧ ಅಂದೆ, ತಳಸಮುದಾಯದ ಲೋಕದೃಷ್ಟಿ ಅಂದೆ. ಚಪ್ಪಾಳೆ ಬಿತ್ತು. ಸಭೆ ಮುಗಿದು ತಟ್ಟೆ ಹಿಡಿದು ಸಾಲಿನಲ್ಲಿ ನಿಂತಾಗ, ಹಿಂದೆ ನಿಂತಿದ್ದ ಪಿ.ಯು.ಸಿ. ಹುಡುಗನೊಬ್ಬ ಮೆಲ್ಲಗೆ ಕೇಳಿದ: "ಅಣ್ಣಾ, ಅದ್ರಾಗೆ ಚೆನ್ನ ಅಂತ ಒಬ್ಬ ಬರ್ತಾನಂತಲ್ಲ, ಅವ್ನು ಕೊನೆಗೆ ಏನಾದ?"

ನನಗೆ ಗೊತ್ತಿರಲಿಲ್ಲ. ಇಪ್ಪತ್ತನೇ ಪುಟಕ್ಕೇ ಬಿಟ್ಟಿದ್ದೆ. ನಾನು ಪಾವಗಡದ ಕಡೆಯವನು, ನಮ್ಮ ಮನೆ ಮಾತು ಅರ್ಧ ತೆಲುಗು. ನಂಜನಗೂಡು ಸೀಮೆಯ ಆ ಮಾತು ನನ್ನ ನಾಲಿಗೆಗೆ ಹತ್ತಲಿಲ್ಲ. ಮೂರು ಸಲ ಹಿಡಿದು ಮೂರು ಸಲ ಇಟ್ಟಿದ್ದೆ. ಅದನ್ನ ಆ ಹುಡುಗನಿಗೆ ಹೇಳಬಹುದಿತ್ತು. ಹೇಳಲಿಲ್ಲ. "ಅದನ್ನ ನೀನೇ ಓದಿ ತಿಳ್ಕೋಬೇಕು ಕಣಪ್ಪಾ" ಅಂದೆ. ಯಾವ ಮೇಷ್ಟ್ರುಗಳನ್ನ ನಾವು ಬೈಕೊಂಡು ಓಡಾಡ್ತೀವೋ ಅವರದೇ ದನಿ ನನ್ನ ಗಂಟಲಿನಿಂದ ಬಂತು. ಆವತ್ತಿನ ಅನ್ನ ಒಳಗೆ ಇಳೀಲಿಲ್ಲ.

ಈ ಬರಹ ಆ ಹುಡುಗನಿಗೆ. ಜೊತೆಗೆ, ಓದದೇನೇ ಹೊಗಳೋ ಓದದೇನೇ ಉಗಿಯೋ ನಮ್ಮೆಲ್ಲರಿಗೆ.

1973ರ ನವೆಂಬರಿನ ಕತೆ ನಿಮಗೆ ಗೊತ್ತಿರಲೇಬೇಕು. ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದುಬಿಟ್ಟರು. ಬೂಸಾ ಅಂದರೆ ದನದ ಮೇವು, ಹೊಟ್ಟು. ಅಷ್ಟಕ್ಕೇ ರಾಜ್ಯದ ಊರೂರಲ್ಲಿ ಬೆಂಕಿ ಬಿತ್ತು. ಏಟು ತಿಂದವರು ಯಾರು? ಮಂತ್ರಿಯಲ್ಲ, ನಿಮ್ಮ ಹಾಗೆ ಹಾಸ್ಟೆಲಿನಲ್ಲಿ ಮುದ್ದೆ ತಿಂದುಕೊಂಡು ಓದುತ್ತಿದ್ದ ಹುಡುಗರು. ಕನ್ನಡಾಭಿಮಾನ ಆವತ್ತು ದೊಣ್ಣೆ ಹಿಡಿದು ಹಾಸ್ಟೆಲಿಗೆ ಬಂತು. ಬಸವಲಿಂಗಪ್ಪನವರು ಮಂತ್ರಿಗಿರಿ ಬಿಡಬೇಕಾಯಿತು. ತಮಾಷೆ ನೋಡಿ, ಆ ಗಲಾಟೆಯ ನಡುವೆ ಬಸವಲಿಂಗಪ್ಪನವರ ಮಾತಿನಲ್ಲಿ ನಿಜವಿದೆ ಅಂದವರಲ್ಲಿ ಕುವೆಂಪು ಒಬ್ಬರು. ಕನ್ನಡದ ದೊಡ್ಡ ಕವಿಗೆ ಆಗದ ಅವಮಾನ ಕನ್ನಡದ ದೊಣ್ಣೆಗೆ ಆಗಿತ್ತು!

ಬಸವಲಿಂಗಪ್ಪನವರು ಮಾಡಿದ್ದಾದರೂ ಏನು? ಒಬ್ಬ ಓದುಗ ತನಗೆ ಅನ್ನಿಸಿದ್ದನ್ನ ಹೇಳಿದ. ಇನ್ನೇನಿಲ್ಲ. ಆದರೆ ಹೇಳಿದ ಓದುಗ ಯಾವ ಕೇರಿಯವನು ಅನ್ನೋದು ಮುಖ್ಯವಾಯಿತು. ಅಗ್ರಹಾರದಲ್ಲಿ ಹುಟ್ಟಿದವನು ಒಂದು ಕಾದಂಬರಿ ಓದಿ ಮೂಗು ಮುರಿದರೆ ಅದು ಅಭಿರುಚಿ. ನಾವು ಮುರಿದರೆ ಅದು ಜಾತಿದ್ವೇಷ. ಅವನು ಕಣ್ಣೀರು ಹಾಕಿದರೆ ಅದು ರಸಾನುಭವ, ನಾವು ಹಾಕಿದರೆ ಅದು ವೈಯಕ್ತಿಕ.

ಈ 'ವೈಯಕ್ತಿಕ' ಅನ್ನೋ ಮಾತನ್ನ ನಾನು ಕ್ಲಾಸಿನಲ್ಲೇ ತಿಂದಿದೀನಿ. ಎರಡನೇ ಬಿ.ಎ.ಯಲ್ಲಿ 'ಸಂಸ್ಕಾರ' ಪಾಠ ನಡೀತಿತ್ತು. ಎದ್ದು ನಿಂತು, ಸಾರ್, ಹೊಲಗೇರಿಯಲ್ಲೂ ಜನ ಸಾಯ್ತಾರಲ್ಲ ಅವರ ಹೆಣದ ಬಗ್ಗೆ ಯಾಕೆ ಪಾಠ ಮಾಡ್ತಿಲ್ಲ ಅಂತ ಕೇಳಿದೆ. "ಅದು ನಿನ್ನ ವೈಯಕ್ತಿಕ ಪ್ರತಿಕ್ರಿಯೆ, ವಿಮರ್ಶೆಯಲ್ಲ, ಕೂತ್ಕೋ" ಅಂದರು. ಕೂತೆ. ಆವತ್ತು ಕೂತವನು ಎರಡು ವರ್ಷ ಏಳಲಿಲ್ಲ. ನೋಟ್ಸ್ ಬರೆದೆ, ನೋಟ್ಸ್ ಕಕ್ಕಿದೆ, ಫಸ್ಟ್ ಕ್ಲಾಸ್ ಬಂತು.

ಈಗ ಆ ಪ್ರಶ್ನೆಯನ್ನ ಇಲ್ಲಿ ಪೂರಾ ಕೇಳ್ತೀನಿ. 1965ರಲ್ಲಿ ಬಂದ ಆ ಕಾದಂಬರಿಯಲ್ಲಿ ನಾರಣಪ್ಪ ಅನ್ನೋ ಒಬ್ಬ ಬ್ರಾಹ್ಮಣ ಸಾಯ್ತಾನೆ. ಅವನ ಹೆಣ ಸುಡೋದು ಯಾರು ಅನ್ನೋದೇ ಇಡೀ ಕತೆ. ಪ್ರಾಣೇಶಾಚಾರ್ಯರು ತಾಳೆಗರಿ ತಿರುವಿ ಹಾಕ್ತಾರೆ, ಮಾರುತಿ ಗುಡಿಗೆ ಹೋಗ್ತಾರೆ, ಅಗ್ರಹಾರ ಅನ್ನ ನೀರು ಬಿಟ್ಟು ಕೂರುತ್ತೆ. ಕೊನೆಗೆ ಆ ಹೆಣ ರಾತ್ರೋರಾತ್ರಿ ಸುಟ್ಟು ಹೋಗೋದು ಒಬ್ಬ ಸಾಬರ ಸಹಾಯದಿಂದ, ಚಂದ್ರಿ ಹೋಗಿ ಬೇಡಿಕೊಂಡಿದ್ದಕ್ಕೆ. ಸರಿ. ಅದೇ ಹೊತ್ತಿಗೆ ಅದೇ ಪ್ಲೇಗು ಹೊಲಗೇರಿಗೂ ಬಂದಿರುತ್ತೆ. ಅಲ್ಲೂ ಜನ ಸಾಯ್ತಾರೆ. ಹೆಣವಿದ್ದ ಗುಡಿಸಲಿಗೇ ಬೆಂಕಿ ಇಟ್ಟು ಮುಗಿಸಿಬಿಡ್ತಾರೆ. ಒಂದು ಹೆಣಕ್ಕೆ ಒಂದು ಕಾದಂಬರಿ, ನಮ್ಮ ಹೆಣಗಳಿಗೆ ಕೆಲವೇ ಸಾಲು! ಶಾಸ್ತ್ರ ಇಲ್ಲದವರಿಗೆ ಸಾವು ಎಷ್ಟು ಸಲೀಸು ನೋಡಿ.

ಅನಂತಮೂರ್ತಿಯವರು ಬೇಕಂತಲೇ ಹಾಗೆ ಬರೆದಿರಬಹುದು. ಎರಡು ಬೆಂಕಿಗಳನ್ನ ಎದುರುಬದುರು ಇಟ್ಟು ಅಗ್ರಹಾರವನ್ನ ಅಣಕಿಸಿರಬಹುದು. ಮೊದಲ ಸಲ ನನಗೆ ಇದು ಹೊಳೆದಿರಲಿಲ್ಲ, ಎರಡನೇ ಸಲ ಓದಿದಾಗ ಹೊಳೀತು. ಹಾಗೆ ಹೊಳೆದ ಮೇಲೂ ಸಿಟ್ಟು ಪೂರ್ತಿ ಇಳೀಲಿಲ್ಲ. ಯಾಕಂದರೆ ಆ ಬೆಂಕಿಯನ್ನ ದೂರದಿಂದ ನೋಡೋ ಹಾಗೆ ಬರೆದಿದೆ. ಅದರ ಬಿಸಿ ತಾಗೋದು ಗುಡಿಸಲ ಒಳಗಿದ್ದವರಿಗೆ. ಒಳಗೆ ಕಾದಂಬರಿ ಕಾಲಿಟ್ಟಿಲ್ಲ.

ಒಳಗಿಂದ ಹೊರಗೆ ಬರೋದು ಬೆಳ್ಳಿ ಒಬ್ಬಳೇ. ಅದೂ ಶ್ರೀಪತಿಗಾಗಿ. ಅಗ್ರಹಾರದ ಹೆಂಗಸರು ಒಣಗಿದ ಕಟ್ಟಿಗೆ, ಹೊಲಗೇರಿಯ ಬೆಳ್ಳಿ ಮಾತ್ರ ತುಂಬಿದ ಮೈ. ಇದನ್ನ ನಾವು ಹೊಗಳಿಕೆ ಅಂದುಕೋಬೇಕಂತೆ.

ನಿಮ್ಮಲ್ಲಿ ಯಾರಾದರೂ ಗಮನಿಸಿದೀರಾ? ಶಿವರಾಮ ಕಾರಂತರ 'ಚೋಮನ ದುಡಿ'ಯಲ್ಲಿ ಚೋಮನ ಮಗಳ ಹೆಸರೂ ಬೆಳ್ಳಿ. ಮೂವತ್ತೆರಡು ವರ್ಷಗಳ ಅಂತರದಲ್ಲಿ ಇಬ್ಬರು ಬ್ರಾಹ್ಮಣ ಲೇಖಕರು, ಇಬ್ಬರಿಗೂ ನಮ್ಮ ಹುಡುಗಿಗೆ ಇಡೋಕೆ ಸಿಕ್ಕಿದ್ದು ಒಂದೇ ಹೆಸರು. ಇಬ್ಬರು ಬೆಳ್ಳಿಯರ ಹಣೆಬರಹವೂ ಒಂದೇ, ಯಾವನೋ ಅಧಿಕಾರ ಇರೋನ ಕೈಗೆ ಮೈ ಸಿಗೋದು. ಒಬ್ಬಳಿಗೆ ಅಗ್ರಹಾರದ ಹುಡುಗ, ಇನ್ನೊಬ್ಬಳಿಗೆ ಕಾಫಿ ತೋಟದ ಮನ್ವೇಲ. ನನಗೊಂದು ಆಸೆ ಇದೆ. ಈ ಇಬ್ಬರನ್ನೂ ಒಂದು ಬಾವಿಕಟ್ಟೆ ಮೇಲೆ ಕೂರಿಸಿ (ಬಾವಿಕಟ್ಟೆಗೆ ಬಿಡಲ್ವಲ್ಲ, ಹಳ್ಳದ ದಂಡೆ ಅನ್ನಿ) ಮಾತಾಡಿಸಬೇಕು. ಕಾರಂತರ ಬಗ್ಗೆ, ಅನಂತಮೂರ್ತಿ ಬಗ್ಗೆ ಅವರು ಏನಂತಾರೋ ಕೇಳಬೇಕು. ಯಾವತ್ತಾದರೂ ಬರೀತೀನಿ. ನನಗಿಂತ ಮೊದಲು ನಮ್ಮ ಹೆಣ್ಣುಮಕ್ಕಳ ಹಾಸ್ಟೆಲಿನಿಂದ ಯಾರಾದರೂ ಬರೆದರೆ ಇನ್ನೂ ವಾಸಿ.

ಇಷ್ಟು ಬೈದವನು ಈಗ 'ಚೋಮನ ದುಡಿ' ಓದಿ ಅತ್ತಿದ್ದನ್ನೂ ಹೇಳ್ತೀನಿ, ಮುಚ್ಚಿಡಲ್ಲ. ಸಿನಿಮಾ ಅಲ್ಲ, ಪುಸ್ತಕ. ಚೋಮನಿಗೆ ಕಾಡಿನಲ್ಲಿ ಸಿಕ್ಕ ಎರಡು ಎತ್ತಿವೆ. ಒಂದು ಅಂಗೈಯಗಲ ಗದ್ದೆ ಗೇಣಿಗೆ ಸಿಕ್ಕರೆ ಸಾಕು, ಉಳಬೇಕು. ಒಡೆಯ ಸಂಕಪ್ಪಯ್ಯನ ಮನಸ್ಸು ಸ್ವಲ್ಪ ಕರಗುತ್ತೆ, ತಾಯಿ ಅಡ್ಡ ಬರ್ತಾಳೆ. ಹೊಲೆಯ ಉಳೋದುಂಟೇ! ತೋಟದ ಸಾಲ ತೀರಿಸೋಕೆ ಹೋದ ಮಕ್ಕಳಲ್ಲಿ ಒಬ್ಬ ಜ್ವರ ಹಿಡಿದು ಬಂದು ಸಾಯ್ತಾನೆ, ಇನ್ನೊಬ್ಬ ಕ್ರಿಸ್ತರ ಹುಡುಗಿಯನ್ನ ಕೂಡಿಕೊಂಡು ದೂರಾಗ್ತಾನೆ. ಸಣ್ಣವನು ನೀರಿಗೆ ಬಿದ್ದು ಮುಳುಗುವಾಗ ಸುತ್ತ ಮೇಲ್ಜಾತಿಯವರಿದ್ದಾರೆ, ಮುಟ್ಟೋ ಹಾಗಿಲ್ಲ, ಹುಡುಗ ಸಾಯ್ತಾನೆ. ಆ ಪುಟದಲ್ಲಿ ನಾನು ಪುಸ್ತಕ ಮುಚ್ಚಿ ಹಾಸ್ಟೆಲ್ ತಾರಸಿಗೆ ಹೋದೆ. ನನಗೆ ಈಜು ಬರಲ್ಲ. ನಮ್ಮೂರ ಕೆರೆಗೆ ನಮ್ಮನ್ನ ಇಳಿಯೋಕೆ ಬಿಟ್ಟಿದ್ದು ಯಾವಾಗ ಅಂತ ನಮ್ಮಪ್ಪನ್ನ ಕೇಳಿದ್ರೆ, ಕೆರೇಲಿ ನೀರು ನಿಂತ ಮೇಲೆ ಅಂತಾನೆ. ಅಂದರೆ ಬತ್ತಿದ ಮೇಲೆ.

1933ರಲ್ಲಿ ಇದನ್ನ ಬರೆದಾಗ ಕಾರಂತರಿಗೆ ಮೂವತ್ತರ ಆಸುಪಾಸು. ಆ ಕಾಲದಲ್ಲಿ ಆ ಜಾತಿಯಲ್ಲಿ ಹುಟ್ಟಿ ಹೀಗೆ ಬರೆಯೋಕೆ ಎದೆ ಬೇಕಿತ್ತು. ಒಪ್ತೀನಿ. ಆದರೆ ಒಂದು ಕೇಳಲೇಬೇಕು. ಇಷ್ಟೆಲ್ಲ ಕಂಡ ಚೋಮ ಕೊನೆಗೆ ಎತ್ತು ಬಿಟ್ಟು, ಬಾಗಿಲು ಹಾಕ್ಕೊಂಡು, ದುಡಿ ಬಾರಿಸ್ತಾ ಯಾಕೆ ಸಾಯಬೇಕು? ಆ ದುಡಿಯನ್ನ ಸಂಕಪ್ಪಯ್ಯನ ಅಂಗಳದಲ್ಲಿ ಬಾರಿಸಬಹುದಿತ್ತಲ್ಲ? ಕಾರಂತರು ನಮ್ಮ ಪರವಾಗಿ ಸಾಕ್ಷಿ ಹೇಳಿದ್ದಾರೆ. ತೀರ್ಪು ಮಾತ್ರ ನಮ್ಮ ವಿರುದ್ಧ ಬರೆದಿದ್ದಾರೆ.

ಇದನ್ನ ಹೇಳಿದ್ದಕ್ಕೆ ಒಬ್ಬ ಹಿರಿಯರು, ಅದೆಲ್ಲ ಹಳೇ ಕತೆ ಕಣಯ್ಯ, ಉಳುವವನೇ ಹೊಲದೊಡೆಯ ಬಂತಲ್ಲ, ಚೋಮನ ಸಮಸ್ಯೆ ತೀರ್ತು ಅಂದರು. ಹೌದಾ? ಲೆಕ್ಕ ಹಾಕೋಣ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ ಭೂಮಿ ಕೊಟ್ಟಿದ್ದು ಗೇಣಿದಾರನಿಗೆ. ಫಾರಂ ನಂಬರ್ 7 ತುಂಬಿ ನ್ಯಾಯಮಂಡಳಿ ಮುಂದೆ, ನಾನು ಈ ಜಮೀನನ್ನ ಗೇಣಿಗೆ ಉಳ್ತಿದ್ದೆ ಅಂತ ತೋರಿಸಬೇಕು. ಚೋಮ ಗೇಣಿದಾರನಲ್ಲ. ಗೇಣಿದಾರ ಆಗಬೇಕು ಅನ್ನೋದೇ ಅವನ ಸಾಯೋತನಕದ ಆಸೆ! ಅವನು ಮೂಲದ ಹೊಲೆಯ, ಜೀತದಾಳು. ಯಾವ ಕಾಗದದಲ್ಲೂ ಅವನ ನೇಗಿಲು ಇಲ್ಲ. ಹಾಗಾಗಿ ಚೋಮನ ಮೊಮ್ಮಗ ಇದ್ದಿದ್ದರೂ ಫಾರಂ ಹಾಕೋ ಹಾಗಿರಲಿಲ್ಲ, ಒಕ್ಕಲು ಜಾತಿಯ ಗೇಣಿದಾರ ಹಾಕಿ ಒಡೆಯನಾದ. ಅವನಿಗೆ ಸಿಕ್ಕಿದ್ದು ನ್ಯಾಯವೇ, ಹೊಟ್ಟೆಕಿಚ್ಚಿಲ್ಲ. ಆದರೆ ಚೋಮ ಉಳುವವನೂ ಆಗಲಿಲ್ಲ, ಒಡೆಯನೂ ಆಗಲಿಲ್ಲ, ಕೂಲಿಯಾಗೇ ಉಳಿದ. ಜೀತ ರದ್ದಿನ ಕಾಯ್ದೆ 1976ರಲ್ಲಿ ಬಂದು ಹಗ್ಗ ಬಿಚ್ಚಿತು, ಬಿಚ್ಚಿದವನು ನಿಲ್ಲೋಕೆ ನೆಲ ಕೊಡಲಿಲ್ಲ. 1978ರ ಕಾಯ್ದೆ ನಮಗೆ ಸರ್ಕಾರ ಕೊಟ್ಟ ದರಖಾಸ್ತು ಜಮೀನನ್ನ ಪರರ ಪಾಲಾಗದ ಹಾಗೆ ಕಾಯಬೇಕಿತ್ತು, ಅದಕ್ಕಾಗಿ ಕೋರ್ಟು ಅಲೆದು ಚಪ್ಪಲಿ ಸವೆಸಿದವರು ನಮ್ಮ ಪ್ರತಿ ಊರಲ್ಲಿದ್ದಾರೆ. 2020ರ ತಿದ್ದುಪಡಿಯಲ್ಲಂತೂ ರೈತನಲ್ಲದ ದುಡ್ಡಿನವನೂ ಹೊಲ ಕೊಳ್ಳೋ ಹಾಗಾಯ್ತು. ಇದೆಲ್ಲ ನನಗೆ ಹೊಳೆದದ್ದು ಯಾವ ಕಂದಾಯದ ಗೈಡಿನಿಂದಲೂ ಅಲ್ಲ, ಒಂದು ಕಾದಂಬರಿಯ ಕೊನೇ ಪುಟಕ್ಕೆ ಸಿಟ್ಟು ಬಂದು. ಅದಕ್ಕೇ ಹೇಳೋದು, ಸಿಟ್ಟು ಬಂದ ಪುಸ್ತಕವನ್ನ ಎಸೀಬೇಡಿ, ಆ ಪುಟ ಮಡಚಿ ಇಟ್ಟುಕೊಳ್ಳಿ.

ಚೋಮನನ್ನ ಓದಿದ ವಾರವೇ ಸಿದ್ಧಲಿಂಗಯ್ಯನವರ 'ಊರುಕೇರಿ' ಕೈಗೆ ಬಂತು. ಶುರುವಿನಲ್ಲೇ ಒಂದು ನೋಟ. ಹುಡುಗ ನೋಡ್ತಾನೆ, ಹೊಲದಲ್ಲಿ ನೊಗಕ್ಕೆ ಎತ್ತಿನ ಬದಲು ಇಬ್ಬರು ಮನುಷ್ಯರನ್ನ ಕಟ್ಟಿ ಒಬ್ಬ ಉಳ್ತಿದಾನೆ. ಆ ಇಬ್ಬರಲ್ಲಿ ಒಬ್ಬ ಅವನ ಅಪ್ಪ. ಚೋಮನ ಹತ್ತಿರ ಎತ್ತಿದ್ದವು, ಉಳೋಕೆ ನೆಲ ಇರಲಿಲ್ಲ. ಇಲ್ಲಿ ಅಪ್ಪನೇ ಎತ್ತು. ಬರೆದವರು ಅಳಿಸೋಕೆ ಹೋಗಲ್ಲ. ಪುಸ್ತಕದ ತುಂಬ ನಗು, ಚೇಷ್ಟೆ. ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕು, ಆಮೇಲೆ ನನ್ನ ಮೇಲೇ ಸಿಟ್ಟು ಬಂತು. ಇಷ್ಟು ನೋವಿನಲ್ಲಿ ಈಯಪ್ಪ ನಗಿಸೋದು ಯಾಕೆ, 1975ರ 'ಹೊಲೆಮಾದಿಗರ ಹಾಡು' ಬರೆದ ಕೈ ಇದೇನಾ ಅಂತ. ನಮ್ಮ ಒಬ್ಬ ಗೆಳೆಯ, ಕವಿ ಆಮೇಲಾಮೇಲೆ ಯಾರ್ಯಾರ ವೇದಿಕೆ ಹತ್ತಿದರು ಅಂತ ಪಟ್ಟಿ ಒಪ್ಪಿಸಿ, ಆ ಪುಸ್ತಕ ಓದಬೇಡ ಅಂದ. ವೇದಿಕೆಯ ಜಗಳ ವೇದಿಕೆ ಮೇಲೆ ಆಡೋಣ. ಅಪ್ಪನ ಹೆಗಲ ಮೇಲಿನ ನೊಗ ಸುಳ್ಳಾಗುತ್ತಾ? ಆ ನಗುವಿನ ಬಗ್ಗೆ ನನಗೆ ಇನ್ನೂ ತೀರ್ಮಾನ ಆಗಿಲ್ಲ. ನಮ್ಮಜ್ಜಿಯೂ ಹಸಿದಾಗಲೇ ಜಾಸ್ತಿ ತಮಾಷೆ ಮಾಡೋಳು ಅನ್ನೋದು ಮಾತ್ರ ನೆನಪಾಗುತ್ತೆ.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಬೇಸಿಗೆ ರಜದಲ್ಲಿ ಓದಿದ್ದು. ದಿಂಡು ಪುಸ್ತಕ, ಹೆಸರುಗಳು ತಲೆಯಲ್ಲಿ ನಿಲ್ಲಲ್ಲ, ಅರ್ಧಕ್ಕೆ ಬಿಡೋಣ ಅನ್ನಿಸುತ್ತೆ. ಗುತ್ತಿಗಾಗಿ ಬಿಡಲಿಲ್ಲ. ಜೀತದವನು, ಆದರೂ ತಿಮ್ಮಿಯನ್ನ ಹಾರಿಸಿಕೊಂಡು ಹೋಗ್ತಾನೆ. ಅವನಿಗೊಂದು ನಾಯಿ ಇದೆ, ಹುಲಿಯ. ನಮ್ಮವನೊಬ್ಬ ಕನ್ನಡ ಕಾದಂಬರಿಯಲ್ಲಿ ಅಳೋದು, ಸಾಯೋದು ಬಿಟ್ಟು ಹೆಣ್ಣಿಗಾಗಿ ಓಡೋದು ನೋಡಿ ಎಷ್ಟು ಖುಷಿಯಾಯ್ತು ಅಂದರೆ ಮಳೆ, ಕಾಡು, ಜಿಗಣೆ ಎಲ್ಲ ಸಹಿಸಿಕೊಂಡೆ. ಕುವೆಂಪು ಶೂದ್ರ, ನಮ್ಮ ಪರ ಅಂತ ಹೀಗೆ ಹೇಳ್ತಿಲ್ಲ. ಗೌಡರ ಮನೆಯ ಜಗುಲಿಯಿಂದಲೇ ಅವರು ನೋಡ್ತಾರೆ ಅನ್ನೋದು ಅಲ್ಲಲ್ಲಿ ಕಾಣುತ್ತೆ. ಕಂಡ ಕಡೆ ಅಂಚಿನಲ್ಲಿ ಗೆರೆ ಎಳೆದಿದೀನಿ.

ಈಗ ನಮ್ಮ ಕಡೆಯವರಿಗೆ. ನಮ್ಮ ಗೆಳೆಯರಲ್ಲಿ ಒಂದು ರೂಢಿ ಬೆಳೆದಿದೆ. ಪುಸ್ತಕ ತೆಗೆದ ತಕ್ಷಣ ಬರೆದವನ ಜಾತಿ ನೋಡೋದು. ಅವರದಾದರೆ ಬೂಸಾ ಅಂತ ಪಕ್ಕಕ್ಕೆ, ನಮ್ಮದಾದರೆ ಜೈಭೀಮ್ ಅಂತ ಕಪಾಟಿಗೆ. ಎರಡೂ ಕಡೆ ಪುಸ್ತಕ ತೆರೆಯೋ ಕೆಲಸ ಉಳೀತು! ಬಸವಲಿಂಗಪ್ಪನವರು ಬೂಸಾ ಅಂದಿದ್ದು ತಿಂದು ನೋಡಿ. ನಾವು ಅನ್ನೋದು ಅವರು ಅಂದರು ಅಂತ. ದನಾನೂ ಮೂಸಿ ನೋಡದೆ ಮೇವನ್ನ ಒದೆಯಲ್ಲ ಕಣ್ರಪ್ಪಾ.

ಅಂಬೇಡ್ಕರ್ ಫೋಟೋ ಇಲ್ಲದ ಹಾಸ್ಟೆಲ್ ರೂಮು ಇಲ್ಲ. ಆ ಫೋಟೋದಲ್ಲಿ ಕೈಯಲ್ಲಿ ಪುಸ್ತಕ ಇರುತ್ತೆ, ನೋಡಿದೀರಾ? 1917ರಲ್ಲಿ ಅವರು ಪರದೇಶದಿಂದ ಹೊರಟಾಗ ಅವರ ಪುಸ್ತಕ, ಸಾಮಾನು ಹೊತ್ತ ಹಡಗು ಮಹಾಯುದ್ಧಕ್ಕೆ ಸಿಕ್ಕಿ ಮುಳುಗಿತು. ಮತ್ತೆ ಒಂದೊಂದೇ ಕೊಂಡು, ಮುಂಬಯಿಯ ರಾಜಗೃಹದಲ್ಲಿ ಪುಸ್ತಕಕ್ಕೆ ಅಂತಲೇ ಮನೆ ಕಟ್ಟಿದರು. ಆ ಪುಸ್ತಕಗಳು ಯಾರು ಬರೆದವು? ಬಹುಪಾಲು ಅವರದಲ್ಲದ ಜಾತಿ, ಅವರದಲ್ಲದ ದೇಶದವರು ಬರೆದವು. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಮನುಸ್ಮೃತಿ ಸುಟ್ಟರಲ್ಲ, ಸುಡೋಕೆ ಮುಂಚೆ ಅಕ್ಷರ ಅಕ್ಷರ ಓದಿದ್ದರು. ಸುಟ್ಟ ಮೇಲೂ ಬಿಡಲಿಲ್ಲ, ಮುಂದೆ ಎಷ್ಟೋ ವರ್ಷ ಶ್ಲೋಕ ಶ್ಲೋಕ ಹಿಡಿದು ವಾದ ಮಾಡಿದರು. ಸುಡೋ ಠರಾವು ಮಂಡಿಸಿದವರು ಸಹಸ್ರಬುದ್ಧೆ ಅನ್ನೋ ಬ್ರಾಹ್ಮಣ ಸಂಗಾತಿ, ಇದೂ ನಮ್ಮ ಪಟ್ಟಿ ಮಾಡೋ ಗೆಳೆಯರಿಗೆ ಗೊತ್ತಿರಲಿ.

1936ರ ಜಾತಿವಿನಾಶದ ಪುಸ್ತಕವಂತೂ ಓದುಗರ ಜಗಳದಿಂದಲೇ ಹುಟ್ಟಿದ್ದು. ಲಾಹೋರಿನ ಜಾತ್‌ಪಾತ್ ತೋಡಕ್ ಮಂಡಲದವರು ಭಾಷಣಕ್ಕೆ ಕರೆದು, ಬರೆದದ್ದನ್ನ ಓದಿ ಬೆಚ್ಚಿ, ವೇದಶಾಸ್ತ್ರದ ಮಾತು ತೆಗೀರಿ ಅಂದರು. ಇವರು ಒಪ್ಪಲಿಲ್ಲ, ಸಭೆಯೇ ರದ್ದಾಯ್ತು. ಸ್ವಂತ ದುಡ್ಡಿನಲ್ಲಿ 1500 ಪ್ರತಿ ಅಚ್ಚು ಹಾಕಿಸಿದರು. ಗಾಂಧಿ ತಮ್ಮ ಪತ್ರಿಕೆಯಲ್ಲಿ ಅದಕ್ಕೆ ವಿರೋಧ ಬರೆದರು. ಬಾಬಾಸಾಹೇಬರು ಏನು ಮಾಡಿದರು ಗೊತ್ತಾ? ಮರುವರ್ಷದ ಎರಡನೇ ಮುದ್ರಣದಲ್ಲಿ ಗಾಂಧಿಯ ಆ ವಿರೋಧವನ್ನ ತಮ್ಮ ಪುಸ್ತಕದೊಳಗೇ ಅಚ್ಚು ಹಾಕಿ, ಪಕ್ಕದಲ್ಲಿ ತಮ್ಮ ಉತ್ತರ ಕೊಟ್ಟರು. ಎದುರಾಳಿಯ ಮಾತನ್ನ ತನ್ನ ಮನೆಯಲ್ಲಿ ಕೂರಿಸಿ ಉತ್ತರ ಕೊಡೋ ಧೈರ್ಯ ಅದು. ನಾವೋ, ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ಒಂದು ಪ್ರಶ್ನೆ ಕೇಳಿದರೆ ಗುಂಪಿನಿಂದಲೇ ತೆಗೆದುಹಾಕ್ತೀವಿ.

ಇನ್ನು ಕೆಲವು ಪುಸ್ತಕ ಬೇಗ ಮುಗಿಸ್ತೀನಿ, ಪುಟ ಕಡಿಮೆ ಇದೆ.

ಗೋರ್ಕಿಯ 'ತಾಯಿ'. ಎಲ್ಲರೂ ಕ್ರಾಂತಿ ಕ್ರಾಂತಿ ಅಂತ ಕೊಟ್ಟರು. ನನಗೆ ಹಿಡಿದದ್ದು ಕ್ರಾಂತಿಯಲ್ಲ. ಆ ಹೆಂಗಸು ವಯಸ್ಸಾದ ಮೇಲೆ, ಮಗ ಓದೋ ಪುಸ್ತಕದಲ್ಲಿ ಏನಿದೆ ಅಂತ ತಿಳಿಯೋಕೆ ಅಕ್ಷರ ಕಲೀತಾಳೆ. ಊಟ ಮಾರೋ ನೆಪದಲ್ಲಿ ಬಟ್ಟೆಯೊಳಗೆ ಕರಪತ್ರ ಬಚ್ಚಿಟ್ಟುಕೊಂಡು ಕಾರ್ಖಾನೆಗೆ ಹೋಗ್ತಾಳೆ. ನಮ್ಮವ್ವನಿಗೆ ಈ ಬುಲೆಟಿನ್ನಿನ ಹಳೇ ಪ್ರತಿ ಒಲೆ ಹತ್ತಿಸೋಕೆ ಚೆನ್ನಾಗಿ ಬರುತ್ತೆ ಅಂತ ಗೊತ್ತು. ಅವಳದೇನೂ ತಪ್ಪಿಲ್ಲ. ನಾನು ಅವಳಿಗೆ ಒಂದು ಸಾಲೂ ಓದಿ ಹೇಳಿರಲಿಲ್ಲ.

ತಮಿಳಿನ ಬಾಮಾ ಅವರ 'ಕರುಕ್ಕು', 1992ರದ್ದು. ಇಂಗ್ಲಿಷಿನಲ್ಲಿ, ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಓದಿದೆ. ಶಾಲೆಯಿಂದ ಬರೋ ಹುಡುಗಿ ತನ್ನ ಕೇರಿಯ ಹಿರಿಯನೊಬ್ಬ ತಿಂಡಿ ಪೊಟ್ಟಣವನ್ನ ಅದರ ದಾರದಲ್ಲಿ ಹಿಡಿದು ನೇತಾಡಿಸ್ಕೊಂಡು ಜಮೀನ್ದಾರನಿಗೆ ತಂದುಕೊಡೋದು ನೋಡಿ ಬಿದ್ದು ಬಿದ್ದು ನಗ್ತಾಳೆ. ಮನೆಗೆ ಬಂದು ಹೇಳಿದರೆ ಅಣ್ಣ ನಗಲ್ಲ. ಅವನು ಮುಟ್ಟಿದರೆ ಮೈಲಿಗೆ, ಅದಕ್ಕೇ ದಾರ ಹಿಡಿದಿದ್ದು ಅಂತಾನೆ. ಆ ಒಂದು ನಗು ನಿಂತ ಜಾಗದಿಂದ ಇಡೀ ಪುಸ್ತಕ ಹುಟ್ಟುತ್ತೆ. ಇದನ್ನ ಓದಿ ಮುಗಿಸಿದ ದಿನ ನಮ್ಮಕ್ಕನಿಗೆ ನನ್ನ ಪದ್ಯಗಳನ್ನ ಕೊಟ್ಟೆ. ಎಲ್ಲ ಓದಿ, "ಇದ್ರಾಗೆ ಅವ್ವಂದು ಹರಿದ ಸೀರೆ ಐತೆ, ನಂದು ಕಣ್ಣೀರು ಐತೆ. ನಾವು ಏನಾದ್ರೂ ಮಾತಾಡ್ತೀವಾ?" ಅಂದಳು. ಇಬ್ಬರು ಬೆಳ್ಳಿಯರ ಬಗ್ಗೆ ಮೇಲೆ ಅಷ್ಟು ಜೋರು ಮಾಡಿದೆನಲ್ಲ, ಮೂರನೆಯವಳು ನನ್ನ ಪದ್ಯದಲ್ಲೇ ಕೂತಿದ್ದಳು.

ನಿಮ್ಮ ಮಂಚದ ಕೆಳಗೆ ಇರೋ ಪುಸ್ತಕಗಳೂ ಗೊತ್ತು. ಪರೀಕ್ಷೆ ಗೈಡುಗಳಿಗೆ ನನ್ನ ತಕರಾರಿಲ್ಲ, ಕೆಲಸ ಬೇಕು, ಮನೆಗೆ ದುಡ್ಡು ಕಳಿಸಬೇಕು. ಆದರೆ ಅದರ ಜೊತೆಗೆ ಬಂದಿವೆಯಲ್ಲ, ಟೈ ಕಟ್ಟಿದ ಮನುಷ್ಯ ಬೆಟ್ಟದ ತುದಿಯಲ್ಲಿ ಕೈ ಎತ್ತಿ ನಿಂತಿರೋ ರಕ್ಷಾಪುಟದವು, ಅವುಗಳಲ್ಲೂ ನಾನು ಮೂರು ಓದಿದೆ. ಮೂರೂ ಹೇಳೋದು ಇಷ್ಟೇ: ನೀನು ಬಡವನಾಗಿರೋದಕ್ಕೆ ನಿನ್ನ ಯೋಚನೆಯೇ ಕಾರಣ. ಹೋದ ಜನ್ಮದ ಪಾಪ ಅಂತಿದ್ದರು, ಈಗ ಈ ಜನ್ಮದ ನೆಗೆಟಿವ್ ಥಿಂಕಿಂಗ್ ಅಂತಾರೆ. ಕರ್ಮಸಿದ್ಧಾಂತಕ್ಕೆ ಸೂಟು ಹೊಲಿಸಿದ್ದಾರೆ ಅಷ್ಟೆ. ಚೋಮನಿಗೆ ಒಂದು ಪ್ರತಿ ಕೊಟ್ಟಿದ್ದರೆ ಗದ್ದೆ ಸಿಕ್ಕಿಬಿಡ್ತಿತ್ತೇನೋ! ಇವು ನಿಜವಾದ ಬೂಸಾ. ಓದಿ ಹೇಳ್ತಿದೀನಿ.

ಒಂದು ದೂರು. ನಾನು ಇದ್ದ ಹಾಸ್ಟೆಲಿನಲ್ಲಿ ಒಂದು ಕಬ್ಬಿಣದ ಬೀರು ಇತ್ತು. ಅದರೊಳಗೆ ಸರ್ಕಾರ ಕೊಟ್ಟ ಪುಸ್ತಕ. ಬೀಗ ಮೂರು ವರ್ಷ ತೆಗೀಲಿಲ್ಲ. ಕೇಳಿದರೆ, ಕಳೆದುಹೋದರೆ ನನ್ನ ಸಂಬಳದಲ್ಲಿ ಹಿಡೀತಾರೆ ಅನ್ನೋ ಉತ್ತರ. ಗಾಜಿನ ಕಿಟಕಿಯಲ್ಲಿ ಬೆನ್ನು ಕಾಣ್ತಿತ್ತು, ಹೆಸರು ಓದಬಹುದಿತ್ತು. ಗುಡಿಯ ದೇವರನ್ನ ಹೊರಗಿನಿಂದ ನೋಡೋ ಅಭ್ಯಾಸ ಇರೋ ಜನಕ್ಕೆ ಪುಸ್ತಕವನ್ನೂ ಹಾಗೇ ತೋರಿಸಿದರು. ನಿಮ್ಮ ಹಾಸ್ಟೆಲಿನ ಬೀರುವಿಗೆ ಬೀಗ ಇದ್ದರೆ, ಅರ್ಜಿ ಬರೆದು ಹತ್ತು ಜನ ರುಜು ಹಾಕಿ ಕೊಡಿ. ಮೆಸ್ಸಿನ ಸಾರಿಗಾಗಿ ಮುಷ್ಕರ ಮಾಡಿದವರು ನಾವು, ಇದಕ್ಕೂ ಮಾಡೋಣ.

ಕೊನೆಗೆ 'ಕುಸುಮಬಾಲೆ'. ಆ ಹುಡುಗನ ಪ್ರಶ್ನೆ ಗಂಟಲಲ್ಲಿ ಸಿಕ್ಕಿಕೊಂಡ ಮೇಲೆ ನಾಲ್ಕನೇ ಸಲ ಹಿಡಿದೆ. ಎಲ್. ಬಸವರಾಜು ಅವರು ಅದನ್ನ ಪದ್ಯದ ಸಾಲುಗಳ ಹಾಗೆ ಒಡೆದು ಜೋಡಿಸಿದ್ದು ನೆನಪಾಗಿ, ಕಣ್ಣಲ್ಲಿ ಓದೋದು ಬಿಟ್ಟು ಬಾಯಲ್ಲಿ ಓದಿದೆ. ಜೋರಾಗಿ, ರೂಮಿನ ಬಾಗಿಲು ಹಾಕ್ಕೊಂಡು. ಆಗ ತೆರೀತು. ಅದು ನೋಡೋ ಪುಸ್ತಕವಲ್ಲ, ಕೇಳೋ ಪುಸ್ತಕ. ರಾತ್ರಿ ಹೊತ್ತು ಮನೆಮನೆಯ ದೀಪಗಳು, ಜೋತಮ್ಮದಿರು, ಒಂದು ಕಡೆ ಸೇರಿ ತಂತಮ್ಮ ಮನೆಯ ಸುಖದುಃಖ ಹೇಳ್ಕೋತಾರಲ್ಲ, ಅಲ್ಲಿಗೆ ಬಂದಾಗ ಪಕ್ಕದ ರೂಮಿನವನು ಬಾಗಿಲು ಬಡಿದು ಒಳಗೆ ಬಂದು ಕೂತ. ಕೆಲವು ಮಾತು ಇನ್ನೂ ಅರ್ಥ ಆಗಿಲ್ಲ. ನಡುವೆ ಒಂದೆರಡು ಕಡೆ, ಇಷ್ಟು ಕಷ್ಟ ಕೊಡಬೇಕಿತ್ತಾ ಅಂತಲೂ ಅನ್ನಿಸ್ತು. ಚೆನ್ನ ಏನಾದ ಅಂತ ಇಲ್ಲಿ ಬರೆಯಲ್ಲ. ಈ ಸಲ ಗೊತ್ತಿಲ್ಲದೆ ಅಲ್ಲ, ಗೊತ್ತಿದ್ದೇ.

ಹೋದ ತಿಂಗಳು ಆ ಹಾಸ್ಟೆಲಿಗೆ ಹೋಗಿ ಆ ಹುಡುಗನನ್ನ ಹುಡುಕಿ, ಆವತ್ತು ನಾನು ಓದಿರಲಿಲ್ಲ ಕಣೋ ಅಂದೆ. "ಗೊತ್ತಾಯ್ತು ಬಿಡಣ್ಣಾ, ನಾನು ಆಮೇಲೆ ಓದ್ದೆ. ನಿನ್ ಭಾಷಣ ಬೇರೆ ಯಾವ್ದೋ ಪುಸ್ತಕದ್ದು" ಅಂದ. ಅಷ್ಟಕ್ಕೇ ಬಿಡಲಿಲ್ಲ. ಅವನಿಗೆ ಪುಸ್ತಕ ಹಿಡಿಸಿಲ್ಲ. ದೀಪ ಮಾತಾಡುತ್ತೆ ಅಂದ್ರೆ ನಾನು ಒಪ್ಪಲ್ಲ, ನಮ್ಮನೇಲಿ ದೀಪ ಆರಿದ್ರೆ ಕತ್ತಲೆ, ಅಷ್ಟೇ ಅಂದ. ನಾನು ಜೋತಮ್ಮದಿರ ಪರ ನಿಂತೆ. ಹನ್ನೊಂದು ಗಂಟೆಗೆ ಹಾಸ್ಟೆಲಿನ ಲೈಟು ಆರಿಸಿದರು. ಕತ್ತಲೆಯಲ್ಲೂ ಜಗಳ ನಡೀತು. ಬೆಳಿಗ್ಗೆ ಬಸ್ಸಿಗೆ ಹೊರಟಾಗ, ನೀನು ಅಂದಿದ್ದನ್ನೆಲ್ಲ ಹಾಗೇ ಬರೆದು ಕೊಡು ಅಂದೆ. ಮುಂದಿನ ಸಂಚಿಕೆಯಲ್ಲಿ ಅವನಿಗೆ ಎರಡು ಪುಟ ಬಿಟ್ಟಿದೀವಿ.